ಕೆಂಪಿಯನ್ನು ಕಳಿಸಿ, ಆದರೆ ವಿಳಾಸ ಬರೆದುಕೊಂಡು ಕಳಿಸಿ

ನಮ್ಮ ಕಾಲೇಜಿನ ಗೇಟಿನ ಬಳಿ, ವಾಚ್‌ಮನ್ ಕುರ್ಚಿಯ ಕೆಳಗೆ ಮಲಗುವ ಕಂದು ನಾಯಿ ನಿಮಗೆಲ್ಲ ಗೊತ್ತು. ಕಾಮರ್ಸ್‌ನವರು ಅದನ್ನು ಬ್ರೌನಿ ಅನ್ನುತ್ತಾರೆ, ವಾಚ್‌ಮನ್ ಅಂಕಲ್ ಕೆಂಪಿ ಅನ್ನುತ್ತಾರೆ. ಎರಡು ಹೆಸರಿಗೂ ಅದು ಬಾಲ ಅಲ್ಲಾಡಿಸುತ್ತದೆ. ಅಂಕಲ್ ಇಟ್ಟ ಹೆಸರೇ ಮೊದಲಿನದು, ಆದ್ದರಿಂದ ನಾನೂ ಕೆಂಪಿ ಎಂದೇ ಬರೆಯುತ್ತೇನೆ. ಐಡಿ ಕಾರ್ಡ್ ಮರೆತು ಬಂದವರನ್ನು ಅಂಕಲ್ ತಡೆಯುತ್ತಾರೆ, ಕೆಂಪಿ ಇದುವರೆಗೆ ಯಾರನ್ನೂ ತಡೆದಿಲ್ಲ.

ಕಳೆದ ತಿಂಗಳ ಕೊನೆಯ ವಾರ ನೋಟಿಸ್ ಬೋರ್ಡಿನಲ್ಲಿ ಒಂದು ಸುತ್ತೋಲೆ ಬಂತು. ಆವರಣದೊಳಗೆ ಯಾರೂ ನಾಯಿಗಳಿಗೆ ಆಹಾರ ಹಾಕುವಂತಿಲ್ಲ, ಇಲ್ಲಿರುವ ನಾಯಿಯನ್ನು ಪಾಲಿಕೆಯವರಿಗೆ ಒಪ್ಪಿಸಲಾಗುವುದು ಎಂದು ಅದರಲ್ಲಿತ್ತು. ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಕ್ಲಾಸು ಎರಡು ಪಾಲಾಯಿತು. ಒಂದು ಗುಂಪು ‘ಸೇವ್ ಬ್ರೌನಿ’ ಎಂದು ಸಹಿ ಸಂಗ್ರಹಿಸಲು ಹೊರಟಿತು. ಇನ್ನೊಂದು ಗುಂಪು, ಅಲ್ಹಮ್ದುಲಿಲ್ಲಾ, ಈಗಲಾದರೂ ಬುದ್ಧಿ ಬಂತಲ್ಲ ಎಂದಿತು. ಸಹಿ ಹಾಕು ಎಂದು ಎರಡೂ ಕಡೆಯವರು ನನ್ನ ಹತ್ತಿರ ಬಂದರು. ನಾನು ಎರಡಕ್ಕೂ ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂದು ಕ್ಯಾಂಟೀನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡನೇ ಗುಂಪಿನ ಮಾತು, ಏಕೆಂದರೆ ಅವರದ್ದು ಬರೀ ಹೆದರಿಕೆಯಲ್ಲ. ಅಕ್ಟೋಬರಿನಲ್ಲಿ ಪ್ರಥಮ ಪಿಯುಸಿಯ ಹುಡುಗಿಯೊಬ್ಬಳಿಗೆ ರಸ್ತೆ ತಿರುವಿನಲ್ಲಿ ನಾಯಿ ಕಚ್ಚಿತು. ಕಚ್ಚಿದ್ದು ಕೆಂಪಿಯಲ್ಲ, ಬೇರೆ ನಾಯಿ. ಅವಳ ಕಾಲಿನಿಂದ ರಕ್ತ ಬರುವಾಗ ನಾವು ಹತ್ತು ಜನ ಸುತ್ತ ನಿಂತಿದ್ದೆವು. ಒಬ್ಬಳು ಅರಿಶಿನ ತರಲು ಓಡಿದಳು, ಇನ್ನೊಬ್ಬಳು ಕರ್ಚೀಫು ಬಿಗಿಯಾಗಿ ಕಟ್ಟಿದಳು. ಮಾಡಬೇಕಾಗಿದ್ದು ಎರಡೂ ಅಲ್ಲ. ನಲ್ಲಿ ನೀರು ಬಿಟ್ಟು, ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕಿತ್ತು. ಬಯಾಲಜಿ ಮ್ಯಾಡಮ್ ಬಂದು ಅದನ್ನು ಮಾಡಿಸಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಚ್ಚಿದ ದಿನ ಒಂದು ಇಂಜೆಕ್ಷನ್, ಆಮೇಲೆ ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ನಡುವೆ ಅವಳಿಗೆ ಎರಡು ಟೆಸ್ಟ್ ತಪ್ಪಿದವು. ಈಗಲೂ ಅವಳು ಆ ತಿರುವು ಬಂದಾಗ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾಳೆ. ಅವಳ ಮುಂದೆ ನಿಂತು ನಾಯಿಗಳು ಪಾಪ ಎಂದು ಹೇಳುವ ಧೈರ್ಯ ನನಗಿಲ್ಲ.

ಆಗಸ್ಟಿನಲ್ಲಿ ಇಲ್ಲೇ ಜ್ಞಾನಭಾರತಿ ಆವರಣದಲ್ಲಿ ಇಬ್ಬರು ವಿದ್ಯಾರ್ಥಿನಿಯರನ್ನು ಬೀದಿ ನಾಯಿಗಳು ಕಚ್ಚಿದ ಸುದ್ದಿ ಓದಿದ್ದೀರಿ. 2024ರಲ್ಲಿ ಕರ್ನಾಟಕದಲ್ಲಿ 3.6 ಲಕ್ಷಕ್ಕೂ ಹೆಚ್ಚು ನಾಯಿ ಕಡಿತದ ಪ್ರಕರಣಗಳು ದಾಖಲಾಗಿವೆ. ರೇಬಿಸ್‌ನಿಂದ 42 ಜನ ಸತ್ತಿದ್ದಾರೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ, ಅದಕ್ಕೆ ಮುಂಚೆ ಲಸಿಕೆ ತೆಗೆದುಕೊಂಡರೆ ಮಾತ್ರ ಬದುಕು. ನಮ್ಮ ರಾಜ್ಯ ಸರ್ಕಾರ 2022ರ ಡಿಸೆಂಬರಿನಲ್ಲಿ ಮನುಷ್ಯರ ರೇಬಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು.

ನಾಗರಬಾವಿಯವರಿಗೆ ಇದಕ್ಕಿಂತ ಹಳೆಯ ಗಾಯ ಒಂದಿದೆ. ನಮ್ಮಲ್ಲಿ ಹೆಚ್ಚಿನವರು ಆಗ ಹುಟ್ಟಿಯೇ ಇರಲಿಲ್ಲ. 2007ರ ಜನವರಿಯಲ್ಲಿ ಪಕ್ಕದ ಚಂದ್ರಾ ಲೇಔಟಿನಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳನ್ನು ನಾಯಿಗಳ ಹಿಂಡು ಕಚ್ಚಿ ಕೊಂದಿತು. ಕಟ್ಟಡ ಕೆಲಸದವರ ಮಗಳು. ಎರಡು ತಿಂಗಳಾಗುವಷ್ಟರಲ್ಲಿ ನಗರದ ಇನ್ನೊಂದು ಕಡೆ ನಾಲ್ಕು ವರ್ಷದ ಮಗು ಸತ್ತಿತು. ಊರೇ ಸಿಟ್ಟಾಯಿತು. ನಾಯಿಗಳನ್ನು ಸಿಕ್ಕಸಿಕ್ಕಲ್ಲಿ ಹಿಡಿದು ಕೊಲ್ಲಲಾಯಿತು. ನನ್ನ ಅಬ್ಬಾಗೆ ಆ ದಿನಗಳ ನೆನಪಿದೆ, ನಾಯಿ ಹಿಡಿಯುವ ವ್ಯಾನು ಬಂದರೆ ಮಕ್ಕಳು ಹಿಂದೆ ಓಡುತ್ತಿದ್ದರಂತೆ. ಆಮೇಲೇನಾಯಿತು? ನಾಯಿಗಳು ಮುಗಿದವೇ? 2019ರ ಗಣತಿಯಲ್ಲಿ ನಗರದಲ್ಲಿ 3.10 ಲಕ್ಷ ಬೀದಿ ನಾಯಿಗಳಿದ್ದವು. ಒಂದು ಬೀದಿಯ ನಾಯಿಗಳನ್ನು ತೆಗೆದರೆ ಅಲ್ಲಿ ಕಸ ಹಾಗೇ ಇರುತ್ತದೆ, ಮೂಳೆ ಹಾಗೇ ಇರುತ್ತದೆ, ಪಕ್ಕದ ಬೀದಿಯವು ಬಂದು ಸೇರುತ್ತವೆ. 2023ರ ಗಣತಿಯಲ್ಲಿ ಆ ಸಂಖ್ಯೆ 2.79 ಲಕ್ಷಕ್ಕೆ ಇಳಿದಿತ್ತು, ಸುಮಾರು ಶೇ 72ರಷ್ಟು ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಆಗಿತ್ತು. ಸಂಖ್ಯೆ ಇಳಿಯುವುದು ಅಂಥ ಬೇಸರದ, ನಿಧಾನದ ಕೆಲಸದಿಂದ. ಅದರ ಫೋಟೋ ಯಾರೂ ಸ್ಟೇಟಸ್ ಹಾಕುವುದಿಲ್ಲ.

ಈಗ ಸುತ್ತೋಲೆ ಯಾಕೆ ಬಂತು ಎನ್ನುವುದಕ್ಕೆ ಬರುತ್ತೇನೆ. ನಮ್ಮ ಪ್ರಾಂಶುಪಾಲರಿಗೆ ಕೆಂಪಿಯ ಮೇಲೆ ದ್ವೇಷವಿಲ್ಲ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಸುತ್ತಮುತ್ತಲಿನ ಎಲ್ಲ ಬೀದಿ ನಾಯಿಗಳನ್ನು ಹಿಡಿದು ಶೆಲ್ಟರಿಗೆ ಹಾಕಿ ಎಂದಿತು. ದೇಶವೆಲ್ಲ ಗದ್ದಲವಾಯಿತು. ಆಗಸ್ಟ್ 22ರಂದು ಮೂವರ ಪೀಠ ಅದನ್ನು ತಿದ್ದಿತು. ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ. ರೇಬಿಸ್ ಇರುವ, ಆಕ್ರಮಣ ಮಾಡುವ ನಾಯಿಗಳನ್ನು ಮಾತ್ರ ಬಿಡಬೇಡಿ. ಊಟ ಹಾಕುವವರು ಕಂಡಕಂಡಲ್ಲಿ ಹಾಕದೆ, ವಾರ್ಡಿನಲ್ಲಿ ಗುರುತು ಮಾಡಿದ ಜಾಗದಲ್ಲೇ ಹಾಕಿ ಎಂದಿತು. ನವೆಂಬರ್ 7ರಂದು ಬಂದ ಮತ್ತೊಂದು ಆದೇಶ ನೇರ ನಮ್ಮ ಗೇಟಿಗೇ ಬಂದು ತಟ್ಟಿತು. ಶಾಲೆ, ಕಾಲೇಜು, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಗೆ ಬೇಲಿ, ಗೋಡೆ, ಗೇಟು ಇರಬೇಕು. ನಾಯಿ ಒಳಗೆ ಬಾರದಂತೆ ನೋಡಿಕೊಳ್ಳಲು ಒಬ್ಬ ನೋಡಲ್ ಅಧಿಕಾರಿ ಇರಬೇಕು. ಒಳಗಿರುವ ನಾಯಿಗಳನ್ನು ಸ್ಥಳೀಯ ಸಂಸ್ಥೆಯವರು ಹಿಡಿದು, ಸಂತಾನಹರಣ ಮತ್ತು ಲಸಿಕೆ ಮುಗಿಸಿ ಶೆಲ್ಟರಿಗೆ ಸೇರಿಸಬೇಕು, ವಾಪಸ್ ಅದೇ ಜಾಗಕ್ಕೆ ಬಿಡಬಾರದು. ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲ. ಆದ್ದರಿಂದ ‘ಸೇವ್ ಬ್ರೌನಿ’ ಅರ್ಜಿಗೆ ಮುನ್ನೂರು ಸಹಿ ಬಿದ್ದರೂ ಪ್ರಾಂಶುಪಾಲರು ಏನೂ ಮಾಡುವಂತಿಲ್ಲ.

ಆದೇಶವನ್ನು ನಾನು ಒಪ್ಪುತ್ತೇನೆ. ಸಾವಿರ ಮಕ್ಕಳು ಓಡಾಡುವ ಜಾಗದಲ್ಲಿ ಯಾರ ಜವಾಬ್ದಾರಿಯೂ ಅಲ್ಲದ ನಾಯಿ ಇರಬಾರದು. ನನ್ನ ತಕರಾರು ಇರುವುದು ‘ಶೆಲ್ಟರ್’ ಎಂಬ ಪದದ ಬಗ್ಗೆ. ಅದು ಎಲ್ಲಿದೆ?

ಇದು ತಮಾಷೆಯ ಪ್ರಶ್ನೆಯಲ್ಲ. ನಾವು ಮೂವರು ಗೆಳತಿಯರು ಎರಡು ಶನಿವಾರ ಕೂತು ಫೋನ್ ಮಾಡಿದೆವು. ಒಂದು ಕಡೆ ಜಾಗವಿಲ್ಲ ಎಂದರು. ಇನ್ನೊಂದು ಕಡೆ, ಪೆಟ್ಟಾಗಿದೆಯಾ ಎಂದು ಕೇಳಿದರು, ಇಲ್ಲ ಎಂದಾಗ ಹಾಗಾದರೆ ತೆಗೆದುಕೊಳ್ಳುವುದಿಲ್ಲ ಎಂದರು. ಮೂರನೆಯವರು ಫೋನ್ ಎತ್ತಲೇ ಇಲ್ಲ. ಅವರನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಬೆಂಗಳೂರಿನ ಪ್ರಾಣಿದಯಾ ಸಂಸ್ಥೆಗಳು ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಕ್ಯೂಪಾ ಸಂಸ್ಥೆಯನ್ನು ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ 1991ರಲ್ಲಿ ಆರಂಭಿಸಿದರು. ಇಂಥ ಸಂಸ್ಥೆಗಳು ಗಾಡಿಗೆ ಸಿಕ್ಕ, ಕಾಯಿಲೆ ಬಿದ್ದ ಪ್ರಾಣಿಗಳನ್ನು ಉಳಿಸಲು ಹೆಣಗುತ್ತವೆ. ನಮಗೆ ಹತ್ತಿರವಿರುವ ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆ ವನ್ಯಜೀವಿಗಳದ್ದು. ಗಾಳಿಪಟದ ಮಾಂಜಾಗೆ ರೆಕ್ಕೆ ಸಿಕ್ಕಿಸಿಕೊಂಡ ಹದ್ದು, ಮನೆಗೆ ನುಗ್ಗಿದ ಹಾವು, ಕೋತಿ, ಇಂಥವಕ್ಕೆ ಅಲ್ಲಿಗೆ ಹೋಗಬೇಕು, ನಾಯಿಗಲ್ಲ. ಇನ್ನು ನಗರದ ಎಬಿಸಿ ಕೇಂದ್ರಗಳಿರುವುದು ನಾಯಿಗೆ ಆಪರೇಷನ್ ಮಾಡಿ, ನಾಲ್ಕಾರು ದಿನ ಇಟ್ಟುಕೊಂಡು, ಕಿವಿ ತುದಿ ಕತ್ತರಿಸಿ ಗುರುತು ಮಾಡಿ ಬಿಡುವುದಕ್ಕೆ. ಆರೋಗ್ಯವಾಗಿರುವ ಮೂರು ವರ್ಷದ ನಾಯಿಯನ್ನು ಅದು ಸಾಯುವವರೆಗೆ, ಅಂದರೆ ಇನ್ನೂ ಹತ್ತು ವರ್ಷ ಇಟ್ಟುಕೊಳ್ಳುವ ಜಾಗವನ್ನು ಈ ನಗರ ಈಗಷ್ಟೇ ಹುಡುಕಬೇಕಿದೆ.

ಖರ್ಚಿನ ಲೆಕ್ಕವನ್ನೂ ಹಾಕಿ ನೋಡಿದೆ. ಜುಲೈನಲ್ಲಿ ಬಿಬಿಎಂಪಿ ಬೀದಿ ನಾಯಿಗಳಿಗೆ ದಿನಕ್ಕೊಂದು ಹೊತ್ತು ಚಿಕನ್ ರೈಸ್ ಕೊಡುವ ಟೆಂಡರ್ ಕರೆದಾಗ ನಾವೆಲ್ಲ ಮೀಮ್ ಮಾಡಿ ನಕ್ಕಿದ್ದೆವಲ್ಲ? ಎಂಟು ವಲಯ, ವಲಯಕ್ಕೆ 36 ಲಕ್ಷ, ಒಟ್ಟು ವರ್ಷಕ್ಕೆ 2.88 ಕೋಟಿ. ಅದು ಸುಮಾರು ಐದು ಸಾವಿರ ನಾಯಿಗಳಿಗೆ. ಅಂದರೆ ಒಂದು ನಾಯಿಗೆ ವರ್ಷಕ್ಕೆ 5,760 ರೂಪಾಯಿ, ಒಂದೇ ಹೊತ್ತಿನ ಊಟಕ್ಕೆ. 2.79 ಲಕ್ಷ ನಾಯಿಗಳಿಗೆ ಗುಣಿಸಿದರೆ 160 ಕೋಟಿ ದಾಟುತ್ತದೆ. ಜಾಗ, ಗೋಡೆ, ಡಾಕ್ಟರು, ಗುಡಿಸುವವರು ಇದರಲ್ಲಿಲ್ಲ. ಎಲ್ಲ ನಾಯಿಗಳನ್ನೂ ಶೆಲ್ಟರಿಗೆ ಹಾಕಿ ಎಂದು ಸುಲಭವಾಗಿ ಹೇಳುವವರು ಈ ಗುಣಾಕಾರವನ್ನು ಒಮ್ಮೆ ಮಾಡಬೇಕು. ಹಣ, ಜಾಗ ಎರಡೂ ಇಲ್ಲದಿದ್ದರೆ ವ್ಯಾನು ಹತ್ತಿದ ನಾಯಿ ಎಲ್ಲಿಗೆ ಹೋಗುತ್ತದೆ? ಒಂದೋ ಇಕ್ಕಟ್ಟಿನ ಬೋನಿನಲ್ಲಿ ಕಚ್ಚಾಡಿಕೊಂಡು ಕಾಯಿಲೆ ಬೀಳುತ್ತದೆ, ಇಲ್ಲವೇ ರಾತ್ರಿ ಎಲ್ಲೋ ನೈಸ್ ರಸ್ತೆಯ ಆಚೆ ಯಾರದ್ದೋ ಊರಿನ ಬಳಿ ಇಳಿಯುತ್ತದೆ. ಗುರುತಿಲ್ಲದ ಊರಿನಲ್ಲಿ ಹೆದರಿದ ನಾಯಿ ಕಚ್ಚುವುದು ಯಾರನ್ನು? ಅಲ್ಲಿನ ಶಾಲೆಯ ಮಕ್ಕಳನ್ನು.

ಇಷ್ಟು ಬರೆದ ಮೇಲೆ ನಮ್ಮ ಮನೆಯ ಒಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ನಾಲ್ಕು ವರ್ಷದ ಹಿಂದೆ ನಾವು ಪಾದರಾಯನಪುರದಲ್ಲಿದ್ದೆವು. ಮುನ್ನಿ ಎಂಬ ಬೆಕ್ಕು ನಮ್ಮಲ್ಲಿತ್ತು. ನಾನಿ ಅದಕ್ಕೆ ಹಾಲು ಹಾಕದೆ ತಾವು ಚಹಾ ಕುಡಿಯುತ್ತಿರಲಿಲ್ಲ. ನಾಗರಬಾವಿಗೆ ಮನೆ ಬದಲಾಯಿಸುವಾಗ ಹೊಸ ಮನೆಯ ಮಾಲೀಕರು ಸಾಕುಪ್ರಾಣಿ ಬೇಡ ಎಂದರು. ಬೆಕ್ಕಿಗೆ ಜಾಗ ಮುಖ್ಯ, ಮನುಷ್ಯರಲ್ಲ ಎಂದು ಯಾರೋ ಹೇಳಿದ್ದನ್ನು ನಾವೆಲ್ಲ ನಂಬಿದೆವು. ನಂಬಿದೆವು ಎನ್ನುವುದಕ್ಕಿಂತ, ನಂಬುವುದು ನಮಗೆ ಅನುಕೂಲವಾಗಿತ್ತು. ಸಾಮಾನು ಹೊತ್ತ ಟೆಂಪೋ ಹೊರಟಾಗ ಮುನ್ನಿ ಕಾಂಪೌಂಡಿನ ಮೇಲೆ ಕೂತಿತ್ತು. ಎರಡು ವಾರದ ಮೇಲೆ ಹೋಗಿ ನೋಡಿದರೆ ಇರಲಿಲ್ಲ. ನಾನಿ ಅದರ ಬಗ್ಗೆ ನಮ್ಮ ಹತ್ತಿರ ಮತ್ತೆ ಮಾತಾಡಲಿಲ್ಲ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಸಾಕಿದ ಪ್ರಾಣಿ ಹಸಿವು ಬಾಯಾರಿಕೆಯಿಂದ ನರಳುವಂತೆ ಕೈಬಿಡುವುದು ಅಪರಾಧ ಎಂದು ಈ ಲೇಖನಕ್ಕಾಗಿ ಓದುವಾಗ ಗೊತ್ತಾಯಿತು. ಮೊದಲ ಸಲದ ದಂಡ ಎಷ್ಟು ಗೊತ್ತೇ? ಹತ್ತರಿಂದ ಐವತ್ತು ರೂಪಾಯಿ. 1960ರಲ್ಲಿ ಅದು ದೊಡ್ಡ ಮೊತ್ತವಾಗಿದ್ದಿರಬೇಕು. ಇವತ್ತು ನಮ್ಮ ಕ್ಯಾಂಟೀನಿನ ಎಗ್ ಪಫ್ ಎರಡರ ಬೆಲೆ.

ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಒಂದು ಮಾಹಿತಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರುವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನಿವಾಸಿಗಳ ಸಂಘ ಬಹುಮತದಿಂದ ನಿರ್ಣಯ ಮಾಡಿದರೂ ಸಾಕುಪ್ರಾಣಿ ಇಟ್ಟುಕೊಳ್ಳುವುದನ್ನು ನಿಷೇಧಿಸುವಂತಿಲ್ಲ. ಆದರೆ ಅದು ಸಂಘಕ್ಕೆ. ಬಾಡಿಗೆ ಕರಾರಿನಲ್ಲಿ ಮನೆ ಮಾಲೀಕರು ಬರೆಸಿಕೊಂಡರೆ ಬಾಡಿಗೆದಾರರು ಏನು ಮಾಡಬೇಕು? ನಮ್ಮಂಥವರು ಮನೆ ಹುಡುಕುವಾಗ ಕೇಳಿಸಿಕೊಳ್ಳುವ ಪ್ರಶ್ನೆಗಳು ಮೊದಲೇ ಜಾಸ್ತಿ. ಸಿಕ್ಕ ಮನೆಯನ್ನು ಬೆಕ್ಕಿಗಾಗಿ ಬಿಡಿ ಎಂದು ನಾನು ಅಬ್ಬಾಗೆ ಹೇಳಲಾರೆ. ಮುಂಚೆಯೇ ಮುನ್ನಿಗೆ ಒಂದು ಮನೆ ಹುಡುಕಬಹುದಿತ್ತು. ಒಂದು ತಿಂಗಳು ಸಮಯವಿತ್ತು, ನಾವು ಹುಡುಕಲಿಲ್ಲ.

ಬೀದಿ ನಾಯಿಯ ಬಗ್ಗೆ ಇಷ್ಟು ಚರ್ಚೆ ಮಾಡುವ ನಾವು ಸಾಕುವವರ ಬಗ್ಗೆ ಯಾಕೆ ಸುಮ್ಮನಿದ್ದೇವೆ? ಹೊರವರ್ತುಲ ರಸ್ತೆಯ ಸರ್ವಿಸ್ ರೋಡಿನಲ್ಲಿ ಕುತ್ತಿಗೆ ಪಟ್ಟಿಯ ಸಮೇತ ಅಲೆಯುವ ಲ್ಯಾಬ್ರಡಾರ್ ನೋಡಿದ್ದೇನೆ, ಅದು ಬೀದಿಯಲ್ಲಿ ಹುಟ್ಟಿದ್ದಲ್ಲ. ನಮ್ಮ ಕ್ಲಾಸಿನಲ್ಲೇ ಈದಿಗೆ ಸಿಕ್ಕ ದುಡ್ಡಿನಲ್ಲಿ ಪರ್ಷಿಯನ್ ಬೆಕ್ಕಿನ ಮರಿ ಕೊಂಡವರಿದ್ದಾರೆ, ರೀಲ್ಸ್ ಮುಗಿದ ಮೇಲೆ ಅದರ ಕೂದಲು ಬಾಚುವವರು ಅಮ್ಮಿ. ನಾಯಿ ತಳಿ ಸಾಕಣೆಗೆ 2017ರಲ್ಲಿ, ಪೆಟ್ ಶಾಪ್‌ಗಳಿಗೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಎಂಟು ವಾರ ತುಂಬದ ನಾಯಿಮರಿಯನ್ನು ಮಾರುವಂತಿಲ್ಲ, ನೋಂದಣಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಎಷ್ಟು ಜನ ಕೊಳ್ಳುವಾಗ ನೋಂದಣಿ ಸಂಖ್ಯೆ ಕೇಳಿದ್ದೀರಿ? 2018ರಲ್ಲೇ ಬಿಬಿಎಂಪಿ ಫ್ಲ್ಯಾಟಿಗೆ ಒಂದು ನಾಯಿ, ಸ್ವತಂತ್ರ ಮನೆಗೆ ಮೂರು, ಎಲ್ಲದಕ್ಕೂ ಚಿಪ್ ಎಂದು ಉಪವಿಧಿ ತಂದು, ಜನ ರೇಗಿದ ಮೇಲೆ ಹಿಂದೆ ತೆಗೆದುಕೊಂಡಿತು. 2024ರ ಮಾರ್ಚಿನಲ್ಲಿ ಕೇಂದ್ರ 23 ತಳಿಗಳನ್ನು ಅಪಾಯಕಾರಿ ಎಂದು ನಿಷೇಧಿಸಿ ಸುತ್ತೋಲೆ ಹೊರಡಿಸಿತು. ಏಪ್ರಿಲಿನಲ್ಲಿ ನಮ್ಮ ಹೈಕೋರ್ಟು ಅದನ್ನು ರದ್ದು ಮಾಡಿತು. ನನಗನ್ನಿಸುವುದು, ಎಷ್ಟು ನಾಯಿ, ಯಾವ ತಳಿ ಎಂಬ ಜಗಳದಲ್ಲಿ ಚಿಪ್ ಎಂಬ ಒಳ್ಳೆಯ ಮಾತು ಕೊಚ್ಚಿಹೋಯಿತು. ಕುತ್ತಿಗೆಯ ಚರ್ಮದೊಳಗೆ ಮಾಲೀಕರ ಗುರುತು ಇದ್ದಿದ್ದರೆ ಆ ಲ್ಯಾಬ್ರಡಾರ್ ಯಾರದ್ದು ಎಂದು ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಇನ್ನು, ನಾಯಿ ನಮ್ಮವರಿಗಲ್ಲ ಎನ್ನುವ ಮಾತು. ಕೆಂಪಿ ಹತ್ತಿರ ಬಂದರೆ ದುಪಟ್ಟಾ ಎತ್ತಿಕೊಳ್ಳುವವರಲ್ಲಿ ನಾನೂ ಒಬ್ಬಳು. ಅದರ ಜೊಲ್ಲು ತಾಗಿದರೆ ನಮಾಜಿಗೆ ಮುಂಚೆ ಬಟ್ಟೆ ತೊಳೆಯಬೇಕಲ್ಲ ಎಂಬ ಚಿಂತೆ. ಆದರೆ ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದುಕೊಟ್ಟವನ ಕಥೆ ಕೇಳದೆ ನಮ್ಮಲ್ಲಿ ಯಾರೂ ಮದರಸಾ ಮುಗಿಸಿಲ್ಲ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದವಳ ಕಥೆಯೂ ಗೊತ್ತು. ಕಾವಲಿಗೆ, ಹಿಂಡು ಕಾಯಲು, ಬೇಟೆಗೆ ನಾಯಿ ಇಟ್ಟುಕೊಳ್ಳಲು ಅವಕಾಶವಿದೆ ಎಂಬುದೂ ಗೊತ್ತು. ಮನೆಯೊಳಗೆ ಸಾಕದಿರುವುದು ಬೇರೆ, ಗೇಟಿನ ಬಳಿ ಮಲಗಿದ್ದಕ್ಕೆ ಕಲ್ಲು ಹೊಡೆಯುವುದು ಬೇರೆ. ಕಲ್ಲು ಹೊಡೆಯುವವರು ಯಾವ ಸೆಕ್ಷನ್ನಿನವರು ಎಂದು ಇಲ್ಲಿ ಬರೆಯುವುದಿಲ್ಲ, ಅವರಿಗೇ ಗೊತ್ತು.

ಹಾಗಾದರೆ ಕೆಂಪಿಯನ್ನು ಏನು ಮಾಡೋಣ? ಆಗಸ್ಟ್ 22ರ ಆದೇಶದಲ್ಲೇ ಒಂದು ದಾರಿಯಿದೆ. ಬೀದಿ ನಾಯಿಯನ್ನು ದತ್ತು ತೆಗೆದುಕೊಳ್ಳಲು ಇಷ್ಟವಿದ್ದವರು ಪಾಲಿಕೆಗೆ ಅರ್ಜಿ ಹಾಕಬಹುದು. ಪಡೆದ ಮೇಲೆ ಆ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಅವರ ಹೊಣೆ. ‘ಸೇವ್ ಬ್ರೌನಿ’ ಎಂದು ಸಹಿ ಹಾಕಿದ ಮುನ್ನೂರು ಜನರಲ್ಲಿ ಒಬ್ಬರ ಮನೆಯಲ್ಲಾದರೂ ಕಾಂಪೌಂಡು ಇಲ್ಲವೇ? ಉಲ್ಲಾಳ, ಮಲ್ಲತ್ತಹಳ್ಳಿ ಕಡೆಯಿಂದ ಬರುವವರಲ್ಲಿ ಶೆಡ್ಡು, ಗೋದಾಮು, ವರ್ಕ್‌ಶಾಪ್ ಇರುವ ಮನೆಗಳಿವೆ. ರಾತ್ರಿ ಕಾವಲಿಗೆ ನಾಯಿ ಬೇಕಿರುವವರು ಇದ್ದೇ ಇರುತ್ತಾರೆ. ದುಡ್ಡು ಕೊಟ್ಟು ಜರ್ಮನ್ ಶೆಫರ್ಡ್ ತರುವ ಬದಲು ಲಸಿಕೆ ಆದ, ಆಪರೇಷನ್ ಆದ, ಮೂರು ವರ್ಷದಿಂದ ಮಕ್ಕಳ ಮಧ್ಯೆ ಬೆಳೆದ ನಾಯಿ ಪುಕ್ಕಟೆ ಸಿಗುತ್ತಿದೆ. ಕೆಂಪಿಯ ಎಡಗಿವಿಯ ತುದಿ ನೋಡಿ, ಕತ್ತರಿಸಿದ ಗುರುತಿದೆ. ಅದು ಜಗಳದಲ್ಲಿ ಆದ ಗಾಯವಲ್ಲ.

ಯಾರೂ ಮುಂದೆ ಬರದಿದ್ದರೆ ಕೆಂಪಿ ಶೆಲ್ಟರಿಗೆ ಹೋಗಲಿ, ಆದರೆ ಕೈಬೀಸಿ ಕಳಿಸುವುದು ಬೇಡ. ಬಿಬಿಎಂಪಿ ಹೋಗಿ ಸೆಪ್ಟೆಂಬರಿನಿಂದ ಐದು ಪಾಲಿಕೆಗಳಾಗಿವೆ, ನಾವೀಗ ಪಶ್ಚಿಮ ನಗರ ಪಾಲಿಕೆಯವರು. ಅದರಿಂದ ಯಾವ ಶೆಲ್ಟರು, ಯಾವ ಊರು, ಒಳಗೆ ಎಷ್ಟು ನಾಯಿಗಳಿವೆ ಎಂದು ಕಾಲೇಜು ಲಿಖಿತವಾಗಿ ಕೇಳಲಿ. ಒಪ್ಪಿಸಿದ ದಿನ ರಸೀದಿ ಪಡೆಯಲಿ. ತಿಂಗಳಿಗೊಮ್ಮೆ ಎನ್‌ಎಸ್‌ಎಸ್‌ನ ಇಬ್ಬರು ಹೋಗಿ ನೋಡಿಬರಲಿ. ಲ್ಯಾಬಿನ ಮೈಕ್ರೋಸ್ಕೋಪ್ ರಿಪೇರಿಗೆ ಕೊಟ್ಟರೂ ನಾವು ಚೀಟಿ ಇಸಿದುಕೊಳ್ಳುತ್ತೇವೆ. ಇದನ್ನು ಕೇಳಿದಾಗ ನಮ್ಮ ಒಬ್ಬ ಲೆಕ್ಚರರ್, ಇಷ್ಟೆಲ್ಲ ಯಾರಮ್ಮಾ ಮಾಡುತ್ತಾರೆ ಎಂದರು. ಪ್ರಾಂಶುಪಾಲರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ಪತ್ರ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ ಎಂದರು. ಬರೆದುಕೊಂಡು ಹೋದೆ, ಎರಡು ಕಡೆ ಕಾಗುಣಿತ ತಿದ್ದಿ ಸಹಿ ಹಾಕಿದರು. ಉತ್ತರ ಇನ್ನೂ ಬಂದಿಲ್ಲ.

ಒಂದು ಮಾತು ನಮ್ಮದೇ ತಪ್ಪಿನ ಬಗ್ಗೆ. ಗುರುವಾರದ ಬಿರಿಯಾನಿ ಮುಗಿದ ಮೇಲೆ ಹಿಂದಿನ ಗೋಡೆಯ ಆಚೆ ಎಸೆಯುವ ಮೂಳೆಯೇ ಆ ತಿರುವಿನಲ್ಲಿ ನಾಯಿಗಳು ಸೇರಲು ಕಾರಣ. ಪ್ರಥಮ ಪಿಯುಸಿ ಹುಡುಗಿಗೆ ಕಚ್ಚಿದ್ದೂ ಅಲ್ಲೇ, ಗುರುವಾರವೇ. ಚಂದ್ರಾ ಲೇಔಟಿನ ಘಟನೆಯ ಕಾಲದಲ್ಲೂ ಎಲ್ಲರೂ ಬೆರಳು ತೋರಿಸಿದ್ದು ಬಯಲಿಗೆ ಎಸೆಯುವ ಮಾಂಸದ ಕಸದ ಕಡೆಗೆ. ಕ್ಯಾಂಟೀನಿನವರು ಮುಚ್ಚಳವಿರುವ ಡ್ರಮ್ ಇಡಲು ಒಪ್ಪಿದ್ದಾರೆ. ಅದರೊಳಗೆ ಹಾಕುವ ಕೆಲಸ ನಮ್ಮದು.

ವಾಚ್‌ಮನ್ ಅಂಕಲ್ ಇದ್ಯಾವುದನ್ನೂ ಓದುವುದಿಲ್ಲ. ಅವರು ಮೊನ್ನೆ ನನ್ನನ್ನು ಕರೆದು, ವ್ಯಾನು ಯಾವತ್ತು ಬರುತ್ತದೆ ಎಂದು ಮುಂಚೆ ಹೇಳಮ್ಮ, ಅವತ್ತು ನಾನು ರಜೆ ಹಾಕುತ್ತೇನೆ ಎಂದರು. ಗ್ರಂಥಾಲಯದ ಮೇಜಿನ ಮೇಲೆ ಹಸಿರು ರಟ್ಟಿನ ನೋಟ್‌ಬುಕ್ ಇಟ್ಟಿದ್ದೇನೆ. ಕೆಂಪಿಗೆ ಜಾಗವಿರುವ ಮನೆ, ಶೆಡ್ಡು, ತೋಟ ಗೊತ್ತಿದ್ದವರು ಪೂರ್ವಸಿದ್ಧತಾ ಪರೀಕ್ಷೆ ಶುರುವಾಗುವ ಮುಂಚೆ ಹೆಸರು, ಸೆಕ್ಷನ್ ಬರೆಯಿರಿ. ಮನೆಯವರನ್ನು ಕೇಳಿಕೊಂಡೇ ಬರೆಯಿರಿ. ಇವತ್ತಿನವರೆಗೆ ಎರಡು ಹೆಸರು ಬಂದಿವೆ, ಅದರಲ್ಲಿ ಒಂದು ಯಾರೋ ತಮಾಷೆಗೆ ಬರೆದ ಪ್ರಾಂಶುಪಾಲರ ಹೆಸರು.